ನಡುತೊಲೆಯ ಗಂಟು

ನನ್ನ ತಮ್ಮ ನಂಜುಂಡೇಶ ಯಾರ ಮನೆಗೆ ಹೋದರೂ ಮೊದಲು ಸೂರು ನೋಡುತ್ತಿದ್ದ. ಬನ್ನಿ ಅಂದವರ ಮುಖ ಆಮೇಲೆ. ಒಂದು ಸಲ ಸೋಸಲೆಗೆ ಅವನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಉಪ್ಪಿಟ್ಟು ತಂದಿಟ್ಟಳು, ನಮಸ್ಕಾರ ಮಾಡಿದಳು, ಒಳಗೆ ಹೋಗಿಯೂ ಆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ‘ಹೇಗಿದ್ದಾಳೋ?’ ಅಂತ ಕೇಳಿದೆ. ‘ತೊಲೇದು ಗೋಡೆ ಒಳಗೆ ಹೋಗಿರೋ ತುದಿ ಸ್ವಲ್ಪ ಕೊಳೆತಿದೆ ಅಕ್ಕ, ಉಳಿದದ್ದೆಲ್ಲ ಗಟ್ಟಿ’ ಅಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಸಂಬಂಧ ಕೂಡಿಬರಲಿಲ್ಲ, ಆಮೇಲೆ ಯಾವುದೂ ಕೂಡಿಬರಲಿಲ್ಲ.

ಈಗ ನಮ್ಮ ಕಡೆ ಅವನ ಬಗ್ಗೆ ಒಂದು ಕಥೆ ಓಡಾಡುತ್ತಿದೆ. ದೇವರ ಗಂಟು ಬಿಚ್ಚಿ ಸತ್ತ ಮೇಷ್ಟ್ರು ಅಂತ. ಕಳಲೆಯಲ್ಲಿ ಹೇಳುತ್ತಾರೆ, ನಂಜನಗೂಡಿನ ಅಂಗಡಿ ಬೀದಿಯಲ್ಲಿ ಹೇಳುತ್ತಾರೆ, ಮನೆ ಕಟ್ಟಿಸುವವರು ಒಬ್ಬರಿಗೊಬ್ಬರು ಹೇಳಿಕೊಂಡು ಗಂಟನ್ನು ಇನ್ನೂ ಬಿಗಿಯಾಗಿ ಕಟ್ಟಿಸುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ತಪ್ಪು ಉತ್ತರ ಕಂಡರೆ ಸುಮ್ಮನಿರಲು ಬರುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಗಂಟಿನ ವಿಷಯ ಮೊದಲು. ನಮ್ಮೂರು ಕಳಲೆ. ನಮ್ಮದು ಅಲ್ಲಿ ದೊಡ್ಡ ತೊಟ್ಟಿ ಮನೆ. ನಮ್ಮ ಕಡೆ ಮನೆಗೆ ಸೂರು ಏರಿಸುವಾಗ ನಡುಮನೆಯ ಮೇಲೆ ಬರುವ ದೊಡ್ಡ ತೊಲೆಗೆ ಪೂಜೆ ಮಾಡಿ, ನವಧಾನ್ಯ, ಒಂದು ಕಾಸು, ವಿಭೂತಿ ಎಲ್ಲವನ್ನೂ ಹಳದಿ ಬಟ್ಟೆಯಲ್ಲಿ ಸುತ್ತಿ ಸರಿಯಾಗಿ ಅದರ ನಟ್ಟನಡುವೆ ಕಟ್ಟುತ್ತಾರೆ. ಅದೇ ನಡುತೊಲೆ. ವರ್ಷಕ್ಕೊಂದು ಸಲ, ಕಡೇ ಶ್ರಾವಣ ಸೋಮವಾರ, ಆ ಗಂಟಿಗೆ ಹಾಲು ಮತ್ತು ಅರಿಶಿನದ ನೀರು ಹಾಕಬೇಕು. ಬಟ್ಟೆ ಹಳೆಯದಾದರೆ ಬಿಚ್ಚುವ ಹಾಗಿಲ್ಲ, ಅದರ ಮೇಲೇ ಹೊಸದು ಕಟ್ಟಬೇಕು. ಗಂಟು ಬಿಚ್ಚಿದರೆ ಮನೆ ಬಿಚ್ಚುತ್ತದೆ ಅಂತ ಮಾತು.

ನಮ್ಮ ಮನೆಯ ಗಂಟಿಗೆ ಇನ್ನೂ ಒಂದು ಕಾರಣ ಸೇರಿಕೊಂಡಿತ್ತು. ನಾನು ಹುಟ್ಟಿದ ಮೇಲೆ ಅಮ್ಮನಿಗೆ ಎರಡು ಗಂಡು ಕೂಸು ಹುಟ್ಟಿ, ಹಾಲು ಕುಡಿಯುವಾಗಲೇ ಹೋದವು. ನಂಜುಂಡೇಶ ಹೊಟ್ಟೆಯಲ್ಲಿದ್ದಾಗ ಅಯ್ಯನವರೊಬ್ಬರು ಬಂದು, ಈ ಸಲದ ಕೂಸಿನ ಹೆಸರಲ್ಲಿ ನಡುತೊಲೆಗೆ ಹೊಸ ಗಂಟು ಕಟ್ಟು, ತೊಟ್ಟಿಲನ್ನೂ ಅದಕ್ಕೇ ಹಾಕು ಅಂದರಂತೆ. ಕಟ್ಟಿದರು, ಹಾಕಿದರು, ಅವನು ಉಳಿದ. ಅಂದಿನಿಂದ ಅಮ್ಮ ಸಿದ್ದಲಿಂಗಮ್ಮನ ಪಾಲಿಗೆ ಅವನ ಉಸಿರು ಇದ್ದದ್ದು ಆ ಗಂಟಿನಲ್ಲಿ. ನಾನು ಹೆಣ್ಣು, ನನಗೆ ಯಾರೂ ಯಾವ ಗಂಟೂ ಕಟ್ಟಿರಲಿಲ್ಲ, ಆದರೂ ಗುಂಡುಕಲ್ಲಿನ ಹಾಗೆ ಬದುಕಿದೆ. ಇದನ್ನು ಅಮ್ಮನಿಗೆ ಎಷ್ಟೋ ಸಲ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ನಂಜುಂಡೇಶ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ನಂಜನಗೂಡಿನ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರಾದ. ತೊಂಬತ್ತರ ದಶಕ ಶುರುವಾದ ಹೊತ್ತಿಗೆ ನಮ್ಮ ತಾಲ್ಲೂಕಿನಲ್ಲಿ ತೊಟ್ಟಿ ಮನೆಗಳು ಒಂದರ ಹಿಂದೆ ಒಂದು ನೆಲಕ್ಕೆ ಬೀಳುತ್ತಿದ್ದವು. ಅಣ್ಣತಮ್ಮಂದಿರು ಪಾಲಾಗಿ, ಹಳೆಯದನ್ನು ಕೆಡವಿ, ಎಲ್ಲರೂ ತಾರಸಿ ಹಾಕಿಸುತ್ತಿದ್ದರು. ಇಳಿಸಿದ ತೊಲೆ, ಕಂಬ, ಜಂತೆಗಳೆಲ್ಲ ಲಾರಿ ಹತ್ತಿ ಇಟ್ಟಿಗೆ ಗೂಡಿಗೆ ಹೋಗಿ ಬೂದಿಯಾಗುತ್ತಿದ್ದವು. ಅಂಥ ಲಾರಿ ಎದುರಾದರೆ ಇವನು ಸೈಕಲ್ ಇಳಿದು ನಿಲ್ಲುತ್ತಿದ್ದ, ಹೆಣ ಹೋಗುವಾಗ ನಿಲ್ಲುವ ಹಾಗೆ. ‘ಇನ್ನೂ ನೂರು ವರ್ಷ ಬಾಳೋ ಮರ ಅಕ್ಕ. ಇದನ್ನ ಸುಟ್ಟು, ಆ ಕಡೆ ಕಾಡಲ್ಲಿ ಇನ್ನೊಂದನ್ನ ಕಡೀತಾರೆ’ ಅನ್ನುತ್ತಿದ್ದ.

ಊಟ ಬಿಟ್ಟಾದರೂ ಹಟ ಬಿಡದವನು ಅವನು. ಬೆಂಗಳೂರಿನ ಸಂಸ್ಥೆಯೊಂದಕ್ಕೆ ಬರೆದು ಬರೆದು ಕೊನೆಗೆ ಒಂದು ಸಂಶೋಧನೆಗೆ ಒಪ್ಪಿಗೆ ತಂದ. ಕೆಡವಿದ ಮನೆಗಳ ಮರವನ್ನು ಹೊಸ ಮನೆಗೆ ಮತ್ತೆ ಬಳಸಬಹುದೇ, ಯಾವುದನ್ನು ಬಳಸಬಹುದು, ಯಾವುದನ್ನು ಬಳಸಬಾರದು ಅಂತ ತೋರಿಸುವುದು. ಕೊನೆಗೆ ಅಂಥ ಮರದಿಂದಲೇ ಒಂದು ಮನೆ ಕಟ್ಟಿ, ಜನ ಅದರಲ್ಲಿ ವಾಸ ಮಾಡಬೇಕು. ಪಾಲಿಟೆಕ್ನಿಕ್ಕಿನ ಹಿತ್ತಿಲು ತೊಲೆಗಳಿಂದ ತುಂಬಿಹೋಯಿತು. ಲ್ಯಾಬಿನ ಅಟೆಂಡರ್ ನಾಗಯ್ಯ ಅವನಿಗೆ ಜೊತೆ. ನಾಗಯ್ಯನ ಊರು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ವಾರವೆಲ್ಲ ನಂಜನಗೂಡಿನಲ್ಲಿದ್ದು ಶನಿವಾರ ಮನೆಗೆ ಹೋಗುತ್ತಿದ್ದ.

ಇಬ್ಬರೂ ತೊಲೆಯ ಎರಡು ತುದಿಯನ್ನು ಕಲ್ಲಿನ ಮೇಲಿಟ್ಟು, ನಡುವೆ ಮರಳಿನ ಮೂಟೆ ಹೇರುತ್ತಿದ್ದರು. ದಾರ ಕಟ್ಟಿ ಎಷ್ಟು ಬಾಗಿತು ಅಂತ ನೋಡುತ್ತಿದ್ದರು. ಮೂಟೆ ಇಳಿಸಿದ ಮೇಲೆ ತೊಲೆ ಮತ್ತೆ ನೆಟ್ಟಗಾದರೆ ಅದಕ್ಕಿನ್ನೂ ಜೀವ ಇದೆ. ಬಾಗಿದ್ದು ಬಾಗಿಯೇ ಉಳಿದರೆ ಅದು ಮುಗಿದ ಮರ. ಆಮೇಲೆ ಸುತ್ತಿಗೆಯಲ್ಲಿ ಬಡಿದು ಸದ್ದು ಕೇಳುವುದು, ಸಣ್ಣ ಬೈರಿಗೆಯಲ್ಲಿ ಕೊರೆದು ಹೊರಬಂದ ಪುಡಿ ನೋಡುವುದು. ಹೀಗೆ ನೋಡುತ್ತ ನೋಡುತ್ತ ಅವನಿಗೊಂದು ವಿಷಯ ಹೊಳೆಯಿತು. ಬೇರೆ ತೊಲೆಗಳು ಕೆಟ್ಟಿದ್ದರೆ ಗೋಡೆಯೊಳಗಿನ ತುದಿಯಲ್ಲಿ ಕೆಟ್ಟಿರುತ್ತಿದ್ದವು. ನಡುತೊಲೆಗಳು ಮಾತ್ರ ನಟ್ಟನಡುವೆಯೇ ಮುರಿಯುತ್ತಿದ್ದವು. ಗಂಟು ಬಿಚ್ಚಿ ನೋಡಿದರೆ ಅಡಿಯಲ್ಲಿ ಮರ ಕಪ್ಪಗೆ, ಮೆತ್ತಗೆ. ವರ್ಷ ವರ್ಷ ಹಾಲು ಕುಡಿದು, ನೀರು ಕುಡಿದು, ಒಣಗಲು ಗಾಳಿಯಿಲ್ಲದೆ, ಬಟ್ಟೆಯ ಮೇಲೆ ಬಟ್ಟೆ ಹೊದ್ದು, ಒಳಗೊಳಗೇ ಕೊಳೆತಿರುತ್ತಿತ್ತು. ಅತಿ ಹೆಚ್ಚು ಭಾರ ಬೀಳುವ ಜಾಗವೂ ಅದೇ. ಎಲ್ಲಿ ಕೈಮುಗಿಯುತ್ತಿದ್ದೇವೋ ಅಲ್ಲೇ ಮನೆ ಸಾಯುತ್ತಿದೆ ಅಕ್ಕ ಅಂದ.

ಅಲ್ಲಿಂದ ಮುಂದೆ ಅವನದು ಒಂದೇ ನಿಯಮ. ನಡುತೊಲೆ ಬಂದರೆ ಮೊದಲು ಗಂಟು ಬಿಚ್ಚುವುದು. ಜನ ಬೈದರು. ನಮ್ಮೂರಿನ ದೊಡ್ಡಸಿದ್ದಯ್ಯನವರಂತೂ ತಮ್ಮ ಹಳೇ ಮನೆಯ ತೊಲೆ ಅಂಗಳದಲ್ಲಿ ಬಿದ್ದಿದ್ದಾಗ, ಇವನು ಗಂಟಿಗೆ ಕೈಹಾಕಿದ್ದನ್ನು ಕಂಡು ಕೋಲು ತೆಗೆದುಕೊಂಡು ಓಡಿಬಂದರು. ಅಷ್ಟರಲ್ಲಿ ಬಿಚ್ಚಿಯಾಗಿತ್ತು. ಆ ವರ್ಷ ಮುಗಿಯುವುದರೊಳಗೆ ದೊಡ್ಡಸಿದ್ದಯ್ಯ ತೀರಿಕೊಂಡರು. ವಯಸ್ಸಾಗಿತ್ತು, ಎದೆನೋವಿತ್ತು, ಬೀಡಿ ಬಿಟ್ಟಿರಲಿಲ್ಲ. ಅದನ್ನೆಲ್ಲ ಯಾರು ಕೇಳುತ್ತಾರೆ? ಮಣ್ಣಿಗೆ ಹೋದಾಗ ನಾಲ್ಕು ಜನ ಇವನ ಕಡೆ ತಿರುಗಿ ನೋಡಿದರು. ಒಬ್ಬ ಹೆಂಗಸು, ‘ಇವ್ನೇ ಕಣವ್ವ ಬಿಚ್ಚಿದ್ದು’ ಅಂದದ್ದು ನನಗೂ ಕೇಳಿಸಿತು, ಅಮ್ಮನಿಗೂ ಕೇಳಿಸಿತು.

ಅಮ್ಮ ಅವತ್ತು ಊಟ ಮಾಡಲಿಲ್ಲ. ನಮ್ಮ ಕಳಲೆ ಮನೆಯನ್ನೂ ಆ ಹೊತ್ತಿಗೆ ದಾಯಾದಿಗಳು ಪಾಲು ಮಾಡಿ ಕೆಡವಿದ್ದರು. ನಮ್ಮ ಪಾಲಿಗೆ ಬಂದ ನಡುತೊಲೆ ನಂಜನಗೂಡಿನ ನಮ್ಮ ಮನೆಯ ಹಿತ್ತಿಲಲ್ಲಿ ಗಂಟಿನ ಸಮೇತ ಮಲಗಿತ್ತು. ನಮ್ಮದು ತಾರಸಿ ಮನೆ. ಮರದ ಮೇಷ್ಟ್ರು ಸಿಮೆಂಟಿನ ಸೂರಿನ ಕೆಳಗೆ ವಾಸ ಮಾಡುತ್ತಾರೆ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. ಮಲಗಿದ ತೊಲೆ ಮನೆಯವರನ್ನು ಮಲಗಿಸುತ್ತದೆ, ಅದನ್ನು ಎಲ್ಲಾದರೂ ಒಂದು ಸೂರಿಗೆ ಏರಿಸು ಅಂತ ಅಮ್ಮನ ವರಾತ ದಿನಾ ನಡೆಯುತ್ತಿತ್ತು.

ತೋರಿಸುವುದಕ್ಕೊಂದು ಮನೆ ಕಟ್ಟಬೇಕಿತ್ತಲ್ಲ, ಅದಕ್ಕೆ ಯಾರೂ ಒಪ್ಪಲಿಲ್ಲ. ಪಾಲಿಟೆಕ್ನಿಕ್ಕಿನ ಮೇಷ್ಟ್ರುಗಳೆಲ್ಲ ಭೇಷ್ ಭೇಷ್ ಅಂದರು, ನಮ್ಮ ತಲೆ ಮೇಲೆ ಮಾತ್ರ ಬೇಡ ಅಂದರು. ಹಿಂದಿನ ಮಳೆಗಾಲದಲ್ಲಿ ಗೋಡೆ ಕುಸಿದು ಸೋಗೆಯ ಕೆಳಗಿದ್ದ ನಾಗಯ್ಯ ಹೂಂ ಅಂದ. ಅವನ ಹೆಂಡತಿ ಸಾಕಮ್ಮ ಹೂಂ ಅನ್ನಲಿಲ್ಲ. ಸಾಕಮ್ಮನ ತವರು ಬದನವಾಳು, ಮದುವೆಗೆ ಮುಂಚೆ ಅಲ್ಲಿ ನೂಲು ತೆಗೆದವಳು, ಮಾತೂ ಎಳೆ ಎಳೆಯಾಗಿ ಬಿಡಿಸುವವಳು. ಜಾಗ ನೋಡಲು ಹೋದಾಗ ನಾನೂ ಇದ್ದೆ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದಳು:

‘ಅಳೇದೆಲ್ಲ ನಮ್ಗೇನಾ ಸಾ? ನಮ್ಮವ್ವನ ಕಾಲ್ದಾಗೆ ಅಳೇ ಸೀರೆ, ಮಿಕ್ಕಿದ ಅನ್ನ. ನನ್ ಕಾಲಕ್ಕೆ ಅಳೇ ಮನೆ. ನಿಮ್ಮೋರು ಬ್ಯಾಡ ಅಂದ್ ಬಿಸಾಕಿದ್ ಮರ ತಂದು ನಮ್ ತಲೆ ಮ್ಯಾಲೆ ಮಡಗ್ತೀರಾ?’

ನಂಜುಂಡೇಶನಿಗೆ ಸಿಟ್ಟು ಬರಲಿಲ್ಲ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಕಂಡೇ ಇಲ್ಲ, ನಮ್ಮ ಮನೆಯ ಸಿಟ್ಟೆಲ್ಲ ನನ್ನ ಪಾಲಿಗೆ ಬಂದಿದೆ. ಅವನು ನೆಲದ ಮೇಲೆ ಕುಳಿತು, ಒಂದೊಂದು ಮರವನ್ನೂ ನಾನೇ ಪರೀಕ್ಷೆ ಮಾಡಿ ತರುತ್ತೇನೆ, ಪರೀಕ್ಷೆ ಆಗದ ಒಂದು ರೀಪೂ ನಿಮ್ಮ ಮನೆ ಸೇರುವುದಿಲ್ಲ, ಇದು ನನ್ನ ಮಾತು ಅಂದ. ಸಾಕಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ‘ಮಾತು ಅಂತೀರಿ. ಆಯ್ತು ಬುಡಿ’ ಅಂದಳು.

ಕಂಬ ಸಿಕ್ಕವು, ಜಂತೆ ಸಿಕ್ಕವು, ಬಾಗಿಲು ಸಿಕ್ಕಿತು. ಆ ನಡುಮನೆಗೆ ಹೊಂದುವಷ್ಟು ಉದ್ದದ ಗಟ್ಟಿ ತೊಲೆ ಮಾತ್ರ ಸಿಗಲಿಲ್ಲ. ಇದ್ದದ್ದು ನಮ್ಮ ಹಿತ್ತಿಲಲ್ಲಿ ಮಲಗಿದ್ದ ಮತ್ತಿ ಮರದ್ದು ಒಂದೇ. ಅಮ್ಮ ಮೊದಲು, ‘ಆ ಕೇರಿಗಾ?’ ಅಂದು ಮುಖ ತಿರುಗಿಸಿದಳು. ಎರಡು ದಿನ ಬಿಟ್ಟು ತಾನೇ ಅವನನ್ನು ಕರೆದು, ತಲೆಯ ಮೇಲೆ ಕೈಯಿಟ್ಟು ಹೇಳಿದಳು: ‘ಎಲ್ಲಾದ್ರೂ ಏರ್ಲಿ, ನಿಂತ್ಕಳ್ಳಿ. ಆದ್ರೆ ಗಂಟು ಮಾತ್ರ ಬಿಚ್ಚಬ್ಯಾಡ ಕಂದ. ನಾನು ಕಣ್ಣು ಮುಚ್ಚೋಗಂಟ ಬಿಚ್ಚಬ್ಯಾಡ. ವರ್ಷಾವರ್ಷ ಹಾಲು ನೀನೇ ಹಾಕ್ಬೇಕು. ನಿನ್ನ ಉಸಿರು ಅದೆ ಅದ್ರಲ್ಲಿ.’

ಅವನು ಒಪ್ಪಿದ. ಎಲ್ಲರ ಮನೆಯ ಗಂಟು ಬಿಚ್ಚಿದವನು ತನ್ನ ಅಮ್ಮನ ಕೈ ತಲೆಯ ಮೇಲಿದ್ದಾಗ ಹೂಂ ಅಂದುಬಿಟ್ಟ. ಕಣ್ಣು ಮುಚ್ಚಿಕೊಂಡು ಒಪ್ಪಿದ ಅಂತಲ್ಲ. ಆ ತೊಲೆಗೂ ಮೂಟೆ ಹೇರಿದ, ತಡೆಯಿತು, ಇಳಿಸಿದ ಮೇಲೆ ನೆಟ್ಟಗೂ ಆಯಿತು. ಎರಡೂ ತುದಿ ಕೊರೆದು ನೋಡಿದ, ಕೆಂಪು ಪುಡಿ ಬಂತು, ಗಟ್ಟಿ ಮರ. ಕೊರೆಯದೆ ಬಿಟ್ಟದ್ದು ಒಂದೇ ಜಾಗ, ಗಂಟಿನ ಅಡಿ. ಹೀಗೆ ತೊಂಬತ್ತಾರರಲ್ಲಿ ಹೆಮ್ಮಿಗೆಯ ಮನೆಗೆ ಸೂರು ಏರಿತು. ಹೆಂಚು ಹೊದಿಸಿದರು. ನಡುಮನೆಯ ಗೋಡೆಗೆ ನಾಗಯ್ಯ ಬುದ್ಧನ ಪಟ ಮತ್ತು ಅಂಬೇಡ್ಕರರ ಪಟ ತೂಗುಹಾಕಿದ. ಅವೆರಡರ ಎದುರಿಗೆ, ಮೇಲೆ, ನಮ್ಮ ಹಳದಿ ಗಂಟು. ಗೃಹಪ್ರವೇಶದ ದಿನವೇ ಸಾಕಮ್ಮ ಅದನ್ನು ತೋರಿಸಿ ಕೇಳಿದಳು: ‘ಎಲ್ಲಾರ್ದೂ ಬಿಚ್ತೀರಂತೆ, ಇದ್ಯಾಕ್ ಸಾ ಬಿಚ್ನಿಲ್ಲ?’

‘ನಮ್ಮಮ್ಮ ಬೇಡ ಅಂದಿದ್ದಾರೆ ಸಾಕಮ್ಮ’ ಅಂದ. ಅವನಿಗೆ ಸುಳ್ಳು ಬರುತ್ತಿರಲಿಲ್ಲ.

ಸಾಕಮ್ಮ ಇನ್ನೇನೂ ಕೇಳಲಿಲ್ಲ. ದೊಡ್ಡವರ ಮನೆಯ ದೇವರು, ನಮ್ಮ ಮನೆಯೊಳಗಿದ್ದರೂ ನಾವು ಮುಟ್ಟಬಾರದು ಅಂತ ಅವಳು ಅರ್ಥ ಮಾಡಿಕೊಂಡಿದ್ದಳು ಅನ್ನುವುದು ನಮಗೆ ಬಹಳ ವರ್ಷದ ಮೇಲೆ ಗೊತ್ತಾಯಿತು.

ಪ್ರತಿವರ್ಷ ಕಡೇ ಶ್ರಾವಣ ಸೋಮವಾರ ಅಮ್ಮ ಹಿತ್ತಾಳೆ ತಂಬಿಗೆಯಲ್ಲಿ ಹಾಲು ಮತ್ತು ಅರಿಶಿನದ ನೀರು ಕೊಟ್ಟು ಕಳಿಸುತ್ತಿದ್ದಳು. ಅವನು ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹೆಮ್ಮಿಗೆಗೆ ಇನ್ನೊಂದು ಬಸ್ಸು ಹತ್ತಿ ಹೋಗಿ, ಏಣಿ ಹಾಕಿ, ತನ್ನ ಕೈಯಾರೆ ಆ ಗಂಟನ್ನು ತೋಯಿಸುತ್ತಿದ್ದ. ಹೀಗೆ ತೋಯಿಸಿದರೆ ಏನಾಗುತ್ತದೆ ಅಂತ ಈ ಎರಡು ತಾಲ್ಲೂಕಿನಲ್ಲಿ ತಿಳಿದಿದ್ದವನು ಅವನೊಬ್ಬನೇ. ‘ದಾರೀಲಿ ಯಾವುದಾದ್ರೂ ಗದ್ದೆಗೆ ಸುರಿದು ಬಾರೋ, ಹಾಕಿದೆ ಅಂತ ಹೇಳಿದ್ರಾಯ್ತು’ ಅಂತ ನಾನು ಬೈದೆ. ‘ಅಮ್ಮ ಕಣ್ಣು ನೋಡ್ಕೊಂಡು ಕೇಳ್ತಾಳೆ ಅಕ್ಕ, ನನ್ನ ಕೈಲಾಗಲ್ಲ’ ಅಂದ.

ಒಂದು ವರ್ಷ ಮಳೆ ಜೋರಾಗಿತ್ತು. ಹಳೇ ಗಂಟಿನ ಮೇಲೆ ಆ ಸಲ ಹೊಸ ಬಟ್ಟೆಯಲ್ಲಿ ಕಟ್ಟಿದ್ದ ಹೊಸ ಕಾಳು ಮೊಳೆತು, ಬಟ್ಟೆ ಸೀಳಿ, ಎಳೆಯ ಹಸಿರು ಕುಡಿಗಳು ತೊಲೆಯಿಂದ ಕೆಳಗೆ ಜೋತುಬಿದ್ದವು. ಕೇರಿಯವರೆಲ್ಲ ಬಂದು ನೋಡಿಹೋದರು, ಮನೆ ಚಿಗುರಿತು, ನಿನ್ನ ಮಗಳಿಗೆ ಒಳ್ಳೆ ಗಂಡು ಸಿಗುತ್ತಾನೆ ಅಂತ ಸಾಕಮ್ಮನಿಗೆ ಹೇಳಿದರು. ಸುದ್ದಿ ಕೇಳಿ ಅಮ್ಮ ಆನಂದದಿಂದ ಅತ್ತಳು. ನಂಜುಂಡೇಶ ಮಾತ್ರ ಸುಣ್ಣದ ಹಾಗೆ ಬಿಳುಚಿಕೊಂಡ. ಒಣಮರದ ಮೇಲೆ ಕಾಳು ಮೊಳೆಯುವುದಿಲ್ಲ ಅಕ್ಕ ಅಂದ. ಮಾರನೇ ಭಾನುವಾರವೇ ಹೋಗಿ ತೊಲೆಯ ಅಡಿಗೆ ಒಂದು ಊರುಗಂಬ ನಿಲ್ಲಿಸಿ ಬಂದ. ಹೊಸ ಮನೆಗೆ ಊರುಗೋಲು ಯಾಕೆ ಅಂತ ನೆಂಟರೆಲ್ಲ ನಕ್ಕರು. ಮಗಳು ಧನುಶ್ರೀಯ ಮದುವೆಗೆ ಚಪ್ಪರ ಹಾಕುವಾಗ ಸಾಕಮ್ಮ ಅದನ್ನು ಕಿತ್ತುಹಾಕಿಸಿದಳು, ಮತ್ತೆ ನಿಲ್ಲಿಸಲು ಬಿಡಲಿಲ್ಲ. ಅವನು ಹೋದಾಗಲೆಲ್ಲ ತೊಲೆಯ ಕೆಳಗೆ ಗೋಡೆಯಿಂದ ಗೋಡೆಗೆ ದಾರ ಎಳೆದು, ಎಷ್ಟು ಬಾಗಿದೆ ಅಂತ ನೋಡುತ್ತಿದ್ದ. ದಾರಕ್ಕೂ ತೊಲೆಗೂ ನಡುವಿನ ಸಂದು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿತ್ತು. ಮನೆಗೆ ಬಂದು ಗೋಡೆಗೊರಗಿ ಕೂರುತ್ತಿದ್ದ, ಕರೆದರೂ ಕೇಳಿಸುತ್ತಿರಲಿಲ್ಲ.

ಆ ದಿನಗಳಲ್ಲಿ ನನ್ನ ತಮ್ಮ ಏನನ್ನೋ ಕಾಯುತ್ತಿದ್ದ. ಅದೇನು ಅಂತ ನನಗೆ ಗೊತ್ತಾದದ್ದು ಒಬ್ಬ ಡಾಕ್ಟರ ಶಾಪಿನಲ್ಲಿ. ಅಮ್ಮನಿಗೆ ಉಬ್ಬಸ ಬಂದು ಇಬ್ಬರೂ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಪರೀಕ್ಷೆ ಮಾಡಿ ನಕ್ಕರು, ಗಟ್ಟಿ ಜೀವ, ಇನ್ನೂ ಹತ್ತು ವರ್ಷ ಚಿಂತೆ ಇಲ್ಲ ಅಂದರು. ಆಗ ನಂಜುಂಡೇಶನ ಮುಖ ಇಳಿದುಹೋಯಿತು. ಒಂದೇ ಕ್ಷಣ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಅಮ್ಮನನ್ನು ಅಷ್ಟು ಪ್ರೀತಿಸುತ್ತಿದ್ದ ಮಗ ಅವಳ ಸಾವನ್ನು ಕಾಯುವ ಹಾಗಾಗಿತ್ತಲ್ಲ, ಅದಕ್ಕಿಂತ ದೊಡ್ಡ ನರಕ ಯಾವುದಿದೆ? ಆಟೋದಲ್ಲಿ ವಾಪಸು ಬರುವಾಗ ಅವನು ಅಮ್ಮನ ಕೈ ಹಿಡಿದುಕೊಂಡೇ ಕುಳಿತಿದ್ದ.

ಎರಡು ಸಾವಿರದ ಮೂರರಲ್ಲಿ ಧನುಶ್ರೀ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗು. ತೊಟ್ಟಿಲ ಶಾಸ್ತ್ರಕ್ಕೆ ನೀವಿಬ್ಬರೂ ಬರಲೇಬೇಕು ಅಂತ ನಾಗಯ್ಯ ಸಂಕೋಚದಿಂದ ಕರೆದ. ತೊಟ್ಟಿಲು ಎಲ್ಲಿ ಹಾಕುತ್ತೀಯ ಅಂತ ನಂಜುಂಡೇಶ ಕೇಳಿದ. ‘ಇನ್ನೆಲ್ಲಿ ಸಾ, ನಡುತೊಲೆಗೇಯ’ ಅಂದ ನಾಗಯ್ಯ. ಅವತ್ತು ಸಂಜೆ ನಂಜುಂಡೇಶ ಅಮ್ಮನ ಕಾಲ ಬಳಿ ಕುಳಿತು, ಆ ಗಂಟು ಬಿಚ್ಚಲು ಅಪ್ಪಣೆ ಕೊಡು ಅಂತ ಕೇಳಿದ. ಮಗು ಮಲಗುವ ಜಾಗ ಅಮ್ಮ, ಮರ ಕೊಳೆತಿದೆ ಅಂತ ಅನುಮಾನ ಇದೆ ಅಂದ. ಅಮ್ಮ, ‘ನಿನ್ನ ತೂಗಿದ ತೊಲೆ ಆ ಮಗೀನೂ ಕಾಯ್ತದೆ, ಸುಮ್ಕಿರು’ ಅಂದಳು. ಅವಳ ಮನಸ್ಸಿನಲ್ಲಿ ಅದು ಹರಕೆ. ಕೇರಿಯ ಮಗುವಿಗೆ ತನ್ನ ಮಗನ ಕಾವಲನ್ನೇ ಕೊಟ್ಟಿದ್ದೇನೆ ಅಂತ ಅವಳಿಗೆ ಹೆಮ್ಮೆಯೂ ಇತ್ತು.

ನಾವು ಹೋದದ್ದು ಭಾನುವಾರ, ಹನ್ನೊಂದು ಗಂಟೆಯ ಬಿಸಿಲು. ಹೊರಗೆ ಚಪ್ಪರದ ಕೆಳಗೆ ನೆಂಟರು, ಒಳಗೆ ಹೆಂಗಸರು. ತೊಟ್ಟಿಲ ಹಗ್ಗ ಆಗಲೇ ತೊಲೆಗೆ ಬಿಗಿದಾಗಿತ್ತು, ಗಂಟಿನ ಮಗ್ಗುಲಲ್ಲೇ. ಮಗುವನ್ನು ಇನ್ನೂ ಮಲಗಿಸಿರಲಿಲ್ಲ, ಅದು ಧನುಶ್ರೀಯ ತೊಡೆಯ ಮೇಲಿತ್ತು. ನಂಜುಂಡೇಶ ಚಪ್ಪಲಿ ಬಿಟ್ಟು ಒಳಗೆ ಬಂದವನೇ, ‘ಸಾಕಮ್ಮ, ಆ ತೊಲೆಗೆ ತೊಟ್ಟಿಲು ಹಾಕಬೇಡಿ’ ಅಂದ.

ಹಾಡುತ್ತಿದ್ದವರು ನಿಲ್ಲಿಸಿದರು. ಸಾಕಮ್ಮನ ಮುಖದ ಮೇಲಿದ್ದ ನಗು ಹಾಗೇ ಆರಿಹೋಯಿತು.

‘ಯಾಕ್ ಸಾ?’

‘ಬೇಡ, ಇವತ್ತು ಬೇಡ.’

‘ನಿಮ್ ದ್ಯಾವ್ರ ತೊಲೇಲಿ ನಮ್ ಕೂಸು ತೂಗ್ಬಾರ್ದಾ? ಇಷ್ಟ್ ವರ್ಸ ಗಂಟು ಮುಟ್ನಿಲ್ಲ ನಾವು. ನಿಮ್ ದ್ಯಾವ್ರು ನಿಮ್ಗಿರ್ಲಿ ಅಂತ ಸುಮ್ಕಿದ್ದೊ. ನಮ್ ಮನೇಲೇ ನಿಂತ್ಕಂಡು, ನಮ್ ಕೂಸ್ನೇ ಬ್ಯಾಡ ಅಂತೀರಾ? ನೀವೂ ಅಂಗೇನಾ ಸಾ?’

ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟಿನ ನೀರು. ಧನುಶ್ರೀಯ ತೊಡೆಯಿಂದ ಮಗುವನ್ನು ಎತ್ತಿಕೊಂಡು ತೊಟ್ಟಿಲ ಕಡೆಗೆ ಹೆಜ್ಜೆ ಹಾಕಿಯೇಬಿಟ್ಟಳು. ಬೇಕೆಂದೇ, ಅವನ ಕಣ್ಣೆದುರಿಗೇ. ನಂಜುಂಡೇಶ ಅಡ್ಡ ಬಂದು ತೊಟ್ಟಿಲನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ.

‘ಅದನ್ನ ನಾನು ನೋಡಿಲ್ಲ ಸಾಕಮ್ಮ’ ಅಂದ. ‘ಪರೀಕ್ಷೆ ಮಾಡದ ಮರ ಒಂದೂ ನಿಮ್ಮ ಮನೆಗೆ ತರಲ್ಲ ಅಂದಿದ್ದೆ. ಆ ಗಂಟಿನ ಕೆಳಗೆ ನಾನು ನೋಡಿಲ್ಲ. ಅಮ್ಮನ ಮಾತಿಗೆ ಕಟ್ಟುಬಿದ್ದು ಬಿಟ್ಟೆ. ಅದು ಕೊಳೆತಿರುತ್ತೆ. ವರ್ಷಾವರ್ಷ ನಾನೇ ಕೊಳೆಸಿದ್ದೀನಿ.’

ಸಾಕಮ್ಮ ನಿಂತಲ್ಲೇ ನಿಂತಳು. ಮೇಲೆ ನೋಡಿದಳು. ಮಗುವನ್ನು ಎದೆಗೊತ್ತಿಕೊಂಡು ಹೊರಗೆ ನಡೆದಳು. ಅವಳ ಹಿಂದೆ ಧನುಶ್ರೀ, ಹೆಂಗಸರು, ನಾನು, ಎಲ್ಲರೂ. ಹೊಸ್ತಿಲು ದಾಟಿದ ಮೇಲೆ ಅವಳು ತಿರುಗಿ ಅಂದಳು: ‘ನಿಮ್ಮವ್ವನ ಮಾತು ನಿಮ್ ತಲೆ ಮ್ಯಾಲಿರ್ಬೇಕಿತ್ತು ಸಾ. ನಮ್ ತಲೆ ಮ್ಯಾಲ್ ಮಡಗ್ಬುಟ್ರಿ.’

ಅವನು ತಲೆತಗ್ಗಿಸಿದ. ಆಮೇಲೆ, ಊರುಗಂಬಕ್ಕೆ ಒಂದು ಗಟ್ಟಿ ದಿಮ್ಮಿ ತಾ ಅಂತ ನಾಗಯ್ಯನನ್ನು ಕಳಿಸಿದ, ಕಂಬ ಕೊಡುವ ತನಕ ಯಾರೂ ಒಳಗೆ ಬರಬೇಡಿ ಅಂದ. ಅಷ್ಟು ಸರಿಯಾಗಿಯೇ ಹೇಳಿದ. ನಾಗಯ್ಯ ಬರುವ ತನಕ ಕಾಯಬೇಕಿತ್ತು. ಅಷ್ಟು ವರ್ಷ ಕಾದವನಿಗೆ ಅಷ್ಟು ಹೊತ್ತು ಕಾಯಲಾಗಲಿಲ್ಲ. ಗೋಡೆಗೊರಗಿಸಿದ್ದ ಏಣಿ ತಂದು ತೊಲೆಗೇ ಆನಿಸಿ ಹತ್ತಿದ. ನಾನು ಬಾಗಿಲಲ್ಲಿ ನಿಂತು, ಇಳಿಯೋ, ಇಳಿಯೋ ಅಂತ ಕೂಗುತ್ತಲೇ ಇದ್ದೆ. ಅವನು ಬಿಚ್ಚುತ್ತಲೇ ಇದ್ದ. ಒಂದರ ಅಡಿಗೆ ಒಂದು ಬಟ್ಟೆ, ಹಳದಿ, ಕಂದು, ಕಪ್ಪು. ಕೊನೆಯದು ಕೈಯಲ್ಲೇ ಹರಿದು ಬಂತು. ಬರಿಯ ಮರ ಕಂಡಾಗ ಹೆಬ್ಬೆರಳಿಟ್ಟು ಒತ್ತಿದ. ಬೆರಳು ಒಳಗೆ ಹೋಯಿತು, ಬೆಣ್ಣೆಗೆ ಹೋಗುವ ಹಾಗೆ.

ಅವನು ತಿರುಗಿ ನನ್ನನ್ನು ನೋಡಿದ. ಸತ್ಯ ಹೇಳುತ್ತೇನೆ, ಅವನ ಮುಖದಲ್ಲಿ ಸಂತೋಷವಿತ್ತು. ಲೆಕ್ಕದ ಉತ್ತರ ಸರಿಬಂದ ಹುಡುಗರ ಮುಖದಲ್ಲಿ ಇರುವಂಥದು. ‘ಇಲ್ಲೇ ಅಕ್ಕ’ ಅಂದ. ಬಿದಿರು ಸೀಳಿದ ಹಾಗೆ ಒಂದು ಸದ್ದಾಯಿತು. ಏಣಿ ಆನಿಸಿದ್ದ ಕಡೆ ತೊಲೆ ಎರಡಾಯಿತು. ಹೆಂಚು, ಜಂತೆ, ಮಣ್ಣು ಎಲ್ಲ ಒಟ್ಟಿಗೆ ಬಂದವು. ಕೇರಿಯವರು ಬರಿಗೈಯಲ್ಲಿ ಎಲ್ಲವನ್ನೂ ಎತ್ತಿಹಾಕಿ ಅವನನ್ನು ಹೊರತೆಗೆದರು. ನರಸೀಪುರದ ಆಸ್ಪತ್ರೆಗೆ ಜೀಪಿನಲ್ಲಿ ಹೋಗುವಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆ ಸೇರುವ ಮೊದಲೇ ಉಸಿರು ನಿಂತಿತು.

ಅಮ್ಮ ಅಳಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: ಬಿಚ್ಚಬೇಡ ಅಂದಿದ್ದೆ, ಬಿಚ್ಚಿದ. ಬಂದವರೆಲ್ಲ ಹೌದು ಹೌದು ಅಂದರು. ಹಿಂದೆ ಬೈದಿದ್ದವರು ಈಗ ಕಣ್ಣೊರೆಸಿಕೊಂಡು, ನಾವು ಆಗಲೇ ಹೇಳಿದ್ದೆವು ಅಂದರು. ದೊಡ್ಡಸಿದ್ದಯ್ಯನವರ ಹೆಸರನ್ನೂ ಎಳೆದುತಂದರು. ನನ್ನ ತಮ್ಮ ಅಷ್ಟು ವರ್ಷ ಮೂಟೆ ಹೊತ್ತು ಕಂಡುಹಿಡಿದ ಒಂದು ನಿಜ ಹನ್ನೊಂದು ದಿನದೊಳಗೆ ತಲೆಕೆಳಗಾಯಿತು. ನಾನು ಇಬ್ಬರು ಮೂವರ ಜೊತೆ ಜಗಳಕ್ಕೇ ಬಿದ್ದೆ. ಸಂಕಟಕ್ಕೆ ಏನೋ ಮಾತಾಡುತ್ತಾಳೆ ಅಂತ ಅವರೇ ನನ್ನನ್ನು ಸಮಾಧಾನ ಮಾಡಿದರು.

ಹನ್ನೊಂದನೇ ದಿನದ ಗಣಾರಾಧನೆ ಮುಗಿದ ಮೇಲೆ ಒಂದು ಮಧ್ಯಾಹ್ನ ಸಾಕಮ್ಮ ಬಂದಳು. ಗೇಟಿನ ಹತ್ತಿರವೇ ನಿಂತಿದ್ದಳು. ನಾನು ಕೈಹಿಡಿದು ಒಳಗೆ ಕರೆದುಕೊಂಡು ಬಂದು ಅಮ್ಮನ ಎದುರು ಕೂರಿಸಿದೆ. ಅಮ್ಮ ಅವಳಿಗೂ ಅದೇ ಮಾತು ಹೇಳಿದಳು: ‘ಬಿಚ್ಚಬ್ಯಾಡ ಅಂದಿದ್ದೆ ಕಣವ್ವ. ಬಿಚ್ಬುಟ್ಟ.’

ಸಾಕಮ್ಮ ಹೌದು ಅನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ಹೇಳಿದಳು: ‘ಇಲ್ಲ ಕಣ್ರವ್ವಾ. ಅದು ಒಳ್ಗೆ ಕೊಳ್ತೋಗಿತ್ತು. ಅವ್ರು ಬಿಚ್ಚದೆ ಓಗಿದ್ರೂ ಅದು ಬೀಳ್ತಿತ್ತು. ತೊಟ್ಲು ಅದ್ರ ಕೆಳ್ಗೇ ಇತ್ತು, ಕೂಸು ನನ್ ಕೈಲಿತ್ತು, ಮಲಗ್ಸಕ್ಕೇ ಓಗಿದ್ದೆ. ಅವ್ರು ಅಡ್ಡ ಬಂದ್ರು. ನಾನು ಜಾತಿ ಅಂದ್ಕಂಡು ಬಾಯಿಗ್ ಬಂದಂಗೆ ಅಂದೆ ಅವ್ರ್ನ. ನನ್ ಮೊಮ್ಮಗ್ಳು ಅವ್ಳೆ ಕಣ್ರವ್ವಾ, ಆಡ್ತಾವ್ಳೆ. ಇದ್ನ ನಿಮ್ಗೆ ಏಳ್ಬೇಕು ಅಂತ್ಲೇ ಬಂದೆ.’

ಸಾಕಮ್ಮ ನೀರು ಕುಡಿದು ಎದ್ದಳು. ನಾನು ಅವಳನ್ನು ಬಸ್ಸು ಹತ್ತಿಸಿ ಬಂದಾಗ ಅಮ್ಮ ಅದೇ ಜಾಗದಲ್ಲಿ ಕುಳಿತಿದ್ದಳು. ನನ್ನನ್ನು ಹತ್ತಿರ ಕರೆದಳು.

‘ಅವ್ನು ಬಿಚ್ತೀನಿ ಅಂತ ನನ್ನ ಕೇಳ್ದಾಗ ನಾನು ಹೂಂ ಅಂದಿದ್ರೆ, ಇರ್ತಿದ್ನಾ ಚನ್ನಾಜಿ?’

ಸುಳ್ಳು ಹೇಳಬಹುದಿತ್ತು. ವಯಸ್ಸಾದ ಜೀವ, ಹಣೆಬರಹ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ಅವಳಿಗೆ ಒಂದು ತಂಬಿಗೆ ಹಾಲಿನ ಸುಳ್ಳನ್ನೂ ಹೇಳಲಾರದೆ ಒಬ್ಬನು ಸತ್ತಿದ್ದ.

‘ಇರ್ತಿದ್ದ ಕಣಮ್ಮ’ ಅಂದೆ.